ಪೇಟೆಂಟ್ ಸಿಕ್ತು, ಫೀ ಯಾವಾಗ ಕಟ್ಬೇಕು?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಾಗ ನಮ್ದು ಸಣ್ಣ ವರ್ಕ್‌ಶಾಪ್ ಐತ್ರಿ. ಪಂಪ್ ಕೇಸಿಂಗ್ ಹಿಡಿಯೋ ಕ್ಲ್ಯಾಂಪಿಗೆ ನನ್ನ ಹೆಸರ್ಲೆ ಅರ್ಜಿ ಹಾಕಿ ಮೂರೂವರೆ ವರ್ಷ ಆತು, ಹೋದ ವಾರ ಪೇಟೆಂಟ್ ಬಂತು. ಇನ್ನ ವರ್ಷಾ ವರ್ಷಾ ಫೀ ಕಟ್ಬೇಕಂತ, ಖರೇ ಏನ್ರಿ?

ಉತ್ತರ: ಖರೇ ಐತ್ರಿ, ತಡಾ ಮಾತ್ರ ಮಾಡಬ್ಯಾಡ್ರಿ. ಲೆಕ್ಕ ಶುರು ಆಗೋದು ಪೇಟೆಂಟ್ ಸಿಕ್ಕ ದಿನದಿಂದ ಅಲ್ಲ, ಅರ್ಜಿ ಹಾಕಿದ ತಾರೀಖಿನಿಂದ, ಮತ್ತ ಫೀ ಬೀಳೋದು 3ನೇ ವರ್ಷದಿಂದ, ಹಂಗಾಗಿ ನಿಮ್ಗ 3 ಮತ್ತ 4ನೇ ವರ್ಷದ್ದು ಆಗ್ಲೇ ಬಾಕಿ ಐತಿ, ಅದನ್ನ ರಿಜಿಸ್ಟರಿನಾಗ ಪೇಟೆಂಟ್ ದಾಖಲಾದ 3 ತಿಂಗಳೊಳಗ ಕಟ್ರಿ. ಸ್ವಂತ ಹೆಸರಿನವ್ರಿಗೆ ಆನ್‌ಲೈನಿನಾಗ 6ನೇ ವರ್ಷದ ತನಕ ವರ್ಷಕ್ಕ 800 ರೂಪಾಯಿ, ಅಂದ್ರ ಈಗ 1600. ಮುಂದ 10ರ ತನಕ 2400, 15ರ ತನಕ 4800, 20ರ ತನಕ 8000. ಎಲ್ಲಾ ಕೂಡಿ 20 ವರ್ಷಕ್ಕ 76,800 ಆಕ್ಕತಿ. ದೊಡ್ಡ ಕಂಪನಿಗೆ ಇದರ ಐದು ಪಟ್ಟು.

5ನೇ ವರ್ಷದ ಫೀ 4ನೇ ವರ್ಷ ಮುಗಿಯೋದ್ರೊಳಗ ಕಟ್ಬೇಕು. ತಪ್ಪಿದ್ರ ದಂಡ ಕಟ್ಟಿ 6 ತಿಂಗ್ಳು ಟೈಮ್ ತಗೋಬಹುದು, ಅದೂ ದಾಟಿದ್ರ ಪೇಟೆಂಟ್ ಬಿದ್ದ ಹೋಕ್ಕತಿ, ಬಾಜೂ ಶೆಡ್ಡಿನವ್ರು ನಿಮ್ಮ ಕ್ಲ್ಯಾಂಪ್ ಮಾಡಿ ಮಾರಿದ್ರೂ ಕೇಳಾಕ ಬರಂಗಿಲ್ಲ. ಬಿದ್ದ 18 ತಿಂಗಳೊಳಗ ಮತ್ತ ಜೀವಾ ಕೊಡ್ಸಾಕ ಅರ್ಜಿ ಹಾಕಬಹುದು, ಆದ್ರ ಬೇಕಂತ ಬಿಟ್ಟಿಲ್ಲ ಅಂತ ತೋರಿಸ್ಬೇಕಾಕ್ಕತಿ.

ನನ್ನ ಕೇಳಿದ್ರ 10ನೇ ವರ್ಷದ ತನಕ ಕಣ್ಣ ಮುಚ್ಚಿ ಕಟ್ರಿ. ಕಮ್ಮೀತ ಕಮ್ಮಿ 4 ವರ್ಷದ್ದು ಮುಂಗಡ ಆನ್‌ಲೈನ್ ಕಟ್ಟಿದ್ರ 10% ರಿಯಾಯ್ತಿನೂ ಐತಿ.