ಮೂಸೆ ತುಂಬಿಸಿದರೆ ಲೆಕ್ಕ ತಪ್ಪುತ್ತದೆ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಟಿಜಿಎಯಲ್ಲಿ (ಕಾಯಿಸುತ್ತಾ ತೂಕ ಅಳೆಯುವ ಯಂತ್ರ) ನಿಮಿಷಕ್ಕೆ 20 ಡಿಗ್ರಿಯಂತೆ ಕಾಯಿಸಿದೆ. 25 ಮಿ.ಗ್ರಾಂಗೆ ಬಂದ ಆಕ್ಟಿವೇಶನ್ ಎನರ್ಜಿಗೂ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ಮಟ್ಟ) 5 ಮಿ.ಗ್ರಾಂಗೆ ಬಂದದ್ದಕ್ಕೂ ತಾಳೆಯೇ ಇಲ್ಲ. ಕೋಟ್ಸ್-ರೆಡ್‌ಫರ್ನ್ ಸಮೀಕರಣಕ್ಕೆ (ತೂಕದ ಗೆರೆಯಿಂದ ಈ ಎನರ್ಜಿ ಲೆಕ್ಕಹಾಕುವ ಸೂತ್ರ) ಕ್ರಿಯೆ ಸಾಗುವ ಬಗೆಯ ಯಾವ ಗಣಿತ ಮಾದರಿ ಹಾಕಿದರೂ ಗೆರೆ ನೇರವಾಗಿಯೇ ಬರುತ್ತದೆ. ಯಾವುದನ್ನು ಬರೆಯಲಿ? – ಓದುಗರು, ಹಾಸನ

ಉತ್ತರ: ಎರಡನ್ನೂ ಬರೆಯಬೇಡಿ. ಕಾರ್ಬೊನೇಟ್ ಒಡೆದು ಸುಣ್ಣವೂ ಇಂಗಾಲದ ಡೈಆಕ್ಸೈಡೂ ಆಗುವ ಈ ಕ್ರಿಯೆ ಹಿಂದಕ್ಕೂ ತಿರುಗುವಂಥದ್ದು. ಸುಣ್ಣದ ಗೂಡಿನಲ್ಲಿ ಗಾಳಿಯಾಡದಿದ್ದರೆ ಕಲ್ಲಿನ ನಡು ಬೇಯದೆ ಉಳಿಯುತ್ತದಲ್ಲ, ನಿಮ್ಮ ಮೂಸೆಯಲ್ಲೂ ಆದದ್ದು ಅದೇ. ಹರಿಯುವ ನೈಟ್ರೋಜನ್‌ನಲ್ಲಿ ತೆಳುವಾಗಿ ಹರಡಿದ ಪುಡಿ 600 ಡಿಗ್ರಿಯ ಆಸುಪಾಸಿನಲ್ಲೇ ಒಡೆಯತೊಡಗುತ್ತದೆ. ಸುತ್ತಲೂ ಬರೀ ಇಂಗಾಲದ ಡೈಆಕ್ಸೈಡ್ ಇದ್ದರೆ ಸುಮಾರು 900ರವರೆಗೆ ಅಲುಗುವುದಿಲ್ಲ. 25 ಮಿ.ಗ್ರಾಂ ರಾಶಿಯ ತಳದ ಕಣಗಳು ತಾವೇ ಬಿಟ್ಟ ಅನಿಲದಲ್ಲಿ ಮುಳುಗಿರುತ್ತವೆ. ಸಾಲದ್ದಕ್ಕೆ ಕ್ರಿಯೆ ಮೋಲ್‌ಗೆ ಸುಮಾರು 178 ಕಿಲೋಜೂಲ್ ಶಾಖ ಹೀರುವುದರಿಂದ, ಪುಡಿಯ ತಾಪ ಕುಲುಮೆಗಿಂತ ಹಿಂದೆ ಬೀಳುತ್ತದೆ. ನೀವು ಅಳೆದದ್ದು ರಾಶಿಯ ದಪ್ಪವನ್ನು.

3–5 ಮಿ.ಗ್ರಾಂ ನುಣ್ಣನೆಯ ಪುಡಿಯನ್ನು ಅಗಲ ಬಾಯಿಯ ಅಲ್ಯುಮಿನಾ ಮೂಸೆಯಲ್ಲಿ ಹರಡಿ, ಮುಚ್ಚಳ ಬೇಡ. ನೈಟ್ರೋಜನ್ ನಿಮಿಷಕ್ಕೆ 50 ಮಿ.ಲೀ. ಬಿಟ್ಟು, ಅರ್ಧ ಗಂಟೆಯಾದ ಮೇಲೆ ಕಾಯಿಸಲು ಶುರುಮಾಡಿ. ಕಾದ ಅನಿಲ ಹಗುರವಾಗಿ ತೂಕ ಏರಿದಂತೆ ತೋರುತ್ತದೆ. ಹಾಗಾಗಿ ಖಾಲಿ ಮೂಸೆಯನ್ನು ಅದೇ ವೇಗದಲ್ಲಿ ಓಡಿಸಿ ಕಳೆಯಿರಿ. ಒಟ್ಟು ನಷ್ಟ ಶೇ. 44 ಇರಬೇಕು, ಅಂದರೆ 5 ಮಿ.ಗ್ರಾಂಗೆ 2.2. 400–450ರ ನಡುವೆ ಚಿಕ್ಕ ಇಳಿತ ಕಂಡರೆ ಪುಡಿಯಲ್ಲಿ ಅರಳಿದ ಸುಣ್ಣ ಬೆರೆತಿರಬಹುದು. ಪುಡಿಯ ತೂಕ ಅರ್ಧ ಮಾಡಿದಾಗ ತೂಕ-ತಾಪದ ಗೆರೆ ಎಡಕ್ಕೆ, ಅಂದರೆ ಕಡಿಮೆ ತಾಪದತ್ತ ಸರಿದರೆ, ಇನ್ನೂ ಹೆಚ್ಚು ಹಾಕಿದ್ದೀರಿ ಎಂದೇ ಅರ್ಥ.

ಕೋಟ್ಸ್-ರೆಡ್‌ಫರ್ನ್ ವಿಷಯಕ್ಕೆ ಬಂದರೆ, ಕಾಯಿಸುವ ಒಂದೇ ವೇಗದ ಒಂದೇ ಗೆರೆಯಿಂದ ಮಾದರಿ ಆರಿಸಲು ಹೊರಡುವುದೇ ತಪ್ಪು. ಮಾದರಿ ತಪ್ಪಿದರೆ ಎನರ್ಜಿಯೂ ಪ್ರಿ-ಎಕ್ಸ್‌ಪೊನೆನ್ಷಿಯಲ್ ಫ್ಯಾಕ್ಟರೂ (ಕ್ರಿಯೆಯ ವೇಗದ ಸೂತ್ರದಲ್ಲಿನ ಇನ್ನೊಂದು ಸ್ಥಿರಾಂಕ) ಜೊತೆಜೊತೆಗೆ ಸರಿದು ತಪ್ಪನ್ನು ಮುಚ್ಚಿಹಾಕುತ್ತವೆ. ಆರ್-ಸ್ಕ್ವೇರ್ (ಗೆರೆ ಎಷ್ಟು ಚೆನ್ನಾಗಿ ಹೊಂದಿತೆಂಬ ಅಳತೆ) 0.99 ಬಂತೆಂದು ಹಿಗ್ಗಬೇಡಿ. ನಿಮಿಷಕ್ಕೆ 2, 4, 8, 16 ಡಿಗ್ರಿ ವೇಗಗಳಲ್ಲಿ ಓಡಿಸಿ. ಕ್ರಿಯೆ ಶೇ. 10, 20 ಹೀಗೆ 90ರವರೆಗೆ ಮುಗಿದಾಗಿನ ತಾಪವನ್ನು ಪ್ರತಿ ಗೆರೆಯಿಂದಲೂ ಓದಿಕೊಳ್ಳಿ. ವೇಗವನ್ನು ತಾಪದ ವರ್ಗದಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ ಅನ್ನು 1/ತಾಪದ ಎದುರು ಗುರುತಿಸಿ. ಇಳಿಜಾರನ್ನು ಮೈನಸ್ 8.314ರಿಂದ ಗುಣಿಸಿದರೆ ಎನರ್ಜಿ ಜೂಲ್‌ನಲ್ಲಿ ಸಿಗುತ್ತದೆ. ತಾಪ ಕೆಲ್ವಿನ್‌ನಲ್ಲೇ ಇರಲಿ, ಹೆಚ್ಚಿನವರು ಎಡವುವುದು ಇಲ್ಲೇ. ಶುರುವಿನಿಂದ ಕೊನೆಯವರೆಗೆ ಎನರ್ಜಿ ಶೇ. 10–20ಕ್ಕಿಂತ ಹೆಚ್ಚು ಏರಿಳಿದರೆ ಒಂದೇ ಸಂಖ್ಯೆ ಕೊಡಬೇಡಿ, ಗ್ರಾಫನ್ನೇ ಹಾಕಿ.

ಪ್ರಶ್ನೆ: ಬಳಪದ ಕಲ್ಲಿನ ಪುಡಿ 900 ಡಿಗ್ರಿಗೆ ಮೊದಲೇ, 600ರ ಹತ್ತಿರ ತೂಕ ಕಳೆದುಕೊಂಡಿತು. ಯಂತ್ರ ಕೆಟ್ಟಿದೆಯೇ? – ಓದುಗರು, ಬೇಲೂರು

ಉತ್ತರ: ಯಂತ್ರದ ತಪ್ಪಲ್ಲ. ಬಳಪದ ಕಲ್ಲಿನ ಮುಖ್ಯ ಖನಿಜ ಟಾಲ್ಕ್. ಅದು ಶುದ್ಧವಾಗಿದ್ದರೆ ಹೆಚ್ಚುಕಡಿಮೆ 850ರ ಮೇಲೆ ಶೇ. 4.75 ನೀರು ಬಿಡುತ್ತದೆ. ಆದರೆ ಬಳಪದ ಕಲ್ಲಿನಲ್ಲಿ ಕ್ಲೋರೈಟ್ ಖನಿಜ, ಮ್ಯಾಗ್ನಸೈಟ್ (ಮೆಗ್ನೀಸಿಯಂ ಕಾರ್ಬೊನೇಟ್) ಬೆರೆತಿರುವುದುಂಟು, ಎರಡೂ 600ರ ಸುತ್ತ ಇಳಿತ ತೋರಿಸುತ್ತವೆ. ಪುಡಿಗೆ ಬೆಚ್ಚಗಿನ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ. ಗುಳ್ಳೆ ಎದ್ದರೆ ಕಾರ್ಬೊನೇಟ್ ಇದೆ. ತಣ್ಣಗಿನ ಆಮ್ಲಕ್ಕೆ ಮ್ಯಾಗ್ನಸೈಟ್ ಜಗ್ಗುವುದಿಲ್ಲ.