ರಾಗಿ ಹುಲ್ಲು ಕಂಡ್ರೆ ಕಾರು ಏನು ಮಾಡುತ್ತೆ?

ಪ್ರಶ್ನೆ: ಮಗಳು ಅಮೆರಿಕದ ಫೀನಿಕ್ಸ್‌ನಲ್ಲಿದ್ದಾಳೆ. ಮುಂದಿನ ತಿಂಗಳು ಹೋಗ್ತಿದ್ದೇನೆ. ಡ್ರೈವರ್ ಇಲ್ಲದ ಟ್ಯಾಕ್ಸಿಯಲ್ಲಿ ಊರು ತೋರಿಸ್ತೀನಿ ಅಂತಾಳೆ. ವಿಡಿಯೋ ಕಳಿಸಿದ್ದಳು, ಸ್ಟೀರಿಂಗ್ ತಾನಾಗೇ ತಿರುಗ್ತಿತ್ತು, ಮೈ ಜುಂ ಅಂತು. ನಮ್ಮ ಹೈವೇಯಲ್ಲಿ ಮಂಜು ಏನು ಮಾಡಿತು ಅಂತ ನೋಡಿದವಳು ನಾನು. ಮನುಷ್ಯನ ಕಣ್ಣಿಗೇ ಕಾಣದ್ದು ಯಂತ್ರಕ್ಕೆ ಕಾಣುತ್ತಾ? ಹತ್ತಲೋ ಬೇಡವೋ?
– ನಿವೃತ್ತ ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ಹತ್ತಿ ಟೀಚರ್. ಆದರೆ ನಿಮ್ಮ ಭಯ ಸುಮ್ನೆ ಬಂದದ್ದಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹತ್ತಿರ, ದಟ್ಟ ಮಂಜಿನಲ್ಲಿ, ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದ ಸುಮೋ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿ 13 ಜನ ಹೋದರು. ಆಮೇಲಿಂದ ಆ ರಸ್ತೆಯಲ್ಲಿ ಮಂಜು ಬಿದ್ದರೆ ನಾನೂ ಟೀ ಅಂಗಡಿ ಹತ್ತಿರ ಗಾಡಿ ನಿಲ್ಲಿಸಿ ಬಿಸಿಲಿಗೆ ಕಾಯುತ್ತೇನೆ.

ಮಂಜಿನಲ್ಲಿ ಕ್ಯಾಮೆರಾದ ಪಾಡು ನಮ್ಮ ಕಣ್ಣಿನ ಪಾಡೇ. ವಿಡಿಯೋದಲ್ಲಿ ಕಾರಿನ ತಲೆ ಮೇಲೆ ಟೋಪಿ ಥರ ಒಂದು ನೋಡಿರ್ತೀರಿ, ಅದರಲ್ಲಿ ಲೈಡಾರ್ ಇರುತ್ತದೆ. ಲೇಸರ್ ಬೆಳಕು ಬಿಟ್ಟು, ಅದು ಎಷ್ಟು ಹೊತ್ತಿಗೆ ವಾಪಸ್ ಬಂತು ಅಂತ ಲೆಕ್ಕ ಹಾಕಿ ದೂರ ಅಳೆಯುತ್ತದೆ. ಮಂಜು ದಟ್ಟವಾದರೆ ಅದೂ ತಡವರಿಸುತ್ತದೆ, ನೀರಿನ ಹನಿಗಳಿಗೆ ತಾಗಿ ಬೆಳಕು ಚೆದುರಿಬಿಡುತ್ತದೆ. ರೇಡಾರ್ ಮಾತ್ರ ರೇಡಿಯೋ ಅಲೆಯಲ್ಲಿ ಕೆಲಸ ಮಾಡೋದರಿಂದ ಮಂಜಿಗೆ ಅಷ್ಟಾಗಿ ಜಗ್ಗಲ್ಲ. ಫೀನಿಕ್ಸ್‌ನಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಿಸುವ ವೇಮೋ ಕಂಪನಿಯ ಕಾರುಗಳಲ್ಲಿ ಈ ಮೂರೂ ಇವೆ. ಫೀನಿಕ್ಸ್ ಹೇಗೂ ಮರುಭೂಮಿ ಊರು, ಅಗಲ ರಸ್ತೆ, ಒಣ ಹವೆ. 2020ರ ಅಕ್ಟೋಬರಿನಲ್ಲಿ ಡ್ರೈವರ್ ಇಲ್ಲದ ಸವಾರಿಯನ್ನು ಅಲ್ಲೇ ಮೊದಲು ಎಲ್ಲರಿಗೂ ತೆರೆದರು. ಈಜು ಕಲಿಯೋರು ನದಿಗೆ ಹಾರ್ತಾರಾ, ಮೊಣಕಾಲುದ್ದ ನೀರಿಗೇ ಅಲ್ವಾ ಇಳಿಯೋದು.

ಲೆಕ್ಕವೂ ಒಂದಿದೆ. ಸುಮಾರು 4 ಕೋಟಿ ಕಿಲೋಮೀಟರ್ ಓಡಿದ ಮೇಲೆ, ಮನುಷ್ಯರು ಓಡಿಸುವ ಕಾರುಗಳಿಗೆ ಹೋಲಿಸಿದರೆ ಜನರಿಗೆ ಗಾಯವಾದ ವಿಮಾ ಕ್ಲೇಮು 92%, ಆಸ್ತಿ ಹಾನಿಯ ಕ್ಲೇಮು 88% ಕಡಿಮೆ ಅಂತ 2024ರಲ್ಲಿ ವೇಮೋ, ಸ್ವಿಸ್ ರೀ ಎಂಬ ವಿಮಾ ಕಂಪನಿ ಜೊತೆ ಸೇರಿ ಹೇಳಿತು. ಹೆತ್ತವರಿಗೆ ಹೆಗ್ಗಣ ಮುದ್ದು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಆದರೂ ಇದು ತಳ್ಳಿಹಾಕುವ ಅಂಕಿ ಅಲ್ಲ.

ಹಿಂದಿನ ಸೀಟಲ್ಲೂ ಬೆಲ್ಟ್ ಹಾಕ್ಕೊಳ್ಳಿ. ಎದೆ ಡವಡವ ಅಂದರೆ ಪಕ್ಕಕ್ಕೆ ನಿಲ್ಲಿಸೋಕೆ ಒಂದು ಬಟನ್ ಇರುತ್ತೆ. ಮಗಳು ತೋರಿಸೋವರೆಗೂ ಕಾಯಬೇಡಿ, ಹತ್ತಿದ ತಕ್ಷಣ ನೀವೇ ಹುಡುಕಿ ಇಟ್ಟುಕೊಳ್ಳಿ.

ಪ್ರಶ್ನೆ: ಕಾರೇ ಗುದ್ದಿದರೆ ಕೇಸು ಯಾರ ಮೇಲೆ? ಕಾರಿನ ಮೇಲಾ?
– ಕಾನೂನು ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ತಮಾಷೆಗೆ ಕೇಳಿದ್ದೀರಿ, ಆದರೆ ಜನಕ್ಕೆ ನಂಬಿಕೆ ಬರದೇ ಇರೋದು ಇಲ್ಲೇ. 2018ರ ಮಾರ್ಚಿನಲ್ಲಿ ಫೀನಿಕ್ಸ್ ಪಕ್ಕದ ಟೆಂಪೆಯಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಊಬರಿನ ಪರೀಕ್ಷಾ ಕಾರು ಗುದ್ದಿ ಆಕೆ ಸತ್ತರು. ಕಾರಿಗೆ ಆಕೆ ಕಂಡಿದ್ದರು. ಆದರೆ ಇದು ವಾಹನವೋ, ಸೈಕಲ್ಲೋ, ಇನ್ನೇನೋ ಅಂತ ಗಳಿಗೆಗೊಂದು ತೀರ್ಮಾನ ಮಾಡ್ತಾ ಹೊತ್ತು ಕಳೆಯಿತು. ಕಣ್ಣಿಡಲು ಕೂರಿಸಿದ್ದ ಮನುಷ್ಯರ ಕಣ್ಣು ಫೋನಿನ ಮೇಲಿತ್ತು. ಕಂಪನಿ ಮೇಲೆ ಕ್ರಿಮಿನಲ್ ಕೇಸ್ ಬೀಳಲಿಲ್ಲ, ಸೀಟಿನಲ್ಲಿ ಕೂತಿದ್ದವರಿಗೆ ಮಾತ್ರ 2023ರಲ್ಲಿ ಶಿಕ್ಷೆ ಆಯಿತು.

ಅದೇ 2023ರ ಅಕ್ಟೋಬರ್ 2ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು. ಬೇರೆ ಯಾರೋ ಓಡಿಸುತ್ತಿದ್ದ ಕಾರು ಗುದ್ದಿ ಎಗರಿ ಬಂದು ಬಿದ್ದ ಹೆಂಗಸಿಗೆ ಕ್ರೂಸ್ ಕಂಪನಿಯ ಖಾಲಿ ಟ್ಯಾಕ್ಸಿ ತಾಗಿ ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯೋಣ ಅಂತ ಹೊರಟು ಅಡಿಯಲ್ಲಿದ್ದವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಎಳೆದ ವಿಷಯ ಕಂಪನಿ ಸರಿಯಾಗಿ ಹೇಳಲಿಲ್ಲ. ಪರವಾನಗಿ ಹೋಯಿತು, ದಂಡ ಬಿತ್ತು, 2024ರ ಡಿಸೆಂಬರಿನಲ್ಲಿ ಟ್ಯಾಕ್ಸಿ ವ್ಯವಹಾರವನ್ನೇ ಕ್ರೂಸ್‌ನ ಒಡೆಯ ಜನರಲ್ ಮೋಟಾರ್ಸ್ ಕೈಬಿಟ್ಟಿತು. ತಪ್ಪಿಗಿಂತ ಮುಚ್ಚಿಟ್ಟಿದ್ದೇ ಜಾಸ್ತಿ ಮುಳುಗಿಸಿತು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಅಣ್ಣಾ, 20 ವರ್ಷದಿಂದ ಬಾಡಿಗೆ ಕಾರು ಓಡಿಸ್ತಿದ್ದೀನಿ, ನಂದಿಬೆಟ್ಟ, ಏರ್‌ಪೋರ್ಟ್ ಟ್ರಿಪ್ಪು. ಇದು ಬಂದರೆ ನಮ್ಮ ಹೊಟ್ಟೆ ಗತಿ?
– ಟ್ಯಾಕ್ಸಿ ಡ್ರೈವರ್, ಗೌರಿಬಿದನೂರು

ಉತ್ತರ: ಡ್ರೈವರುಗಳ ಕೆಲಸ ಹೋಗುತ್ತೆ, ಭಾರತಕ್ಕೆ ಬಿಡಲ್ಲ ಅಂತ ಕೇಂದ್ರ ಮಂತ್ರಿ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದಾರೆ. ಮಂತ್ರಿ ಮಾತು ಕಾಯ್ದೆ ಅಲ್ಲ, ನೆಮ್ಮದಿಯಾಗಿ ಮಲಗಿ ಅಂತ ನಾನು ಹೇಳಲ್ಲ. ಆದರೆ ಸದ್ಯಕ್ಕೆ ನಿಮ್ಮನ್ನು ಕಾಯೋದು ನಮ್ಮ ರಸ್ತೆಗಳೇ ತಮ್ಮಾ.

ಕೊಯ್ಲಿನ ಕಾಲದಲ್ಲಿ ಹಳ್ಳಿ ರಸ್ತೆಗೆ ರಾಗಿ ತೆನೆ ಸಮೇತ ಹುಲ್ಲು ಹರಡಿರ್ತಾರಲ್ಲ, ನೀವೇನು ಮಾಡ್ತೀರಿ? ಬೈಕೊಂಡೇ ಅದರ ಮೇಲೆ ಹತ್ತಿಸ್ತೀರಿ, ಹತ್ತಿಸಲಿ ಅಂತಲೇ ಹಾಕಿರೋದು. ಎದುರುಗಡೆ ಟ್ರ್ಯಾಕ್ಟರ್ ಬಂದರೆ ಯಾರು ಹಿಂದೆ ತಗೋಬೇಕು ಅನ್ನೋದು ಕಣ್ಣಲ್ಲೇ ತೀರ್ಮಾನ. ಡ್ರೈವರ್ ಇಲ್ಲದ ಆ ಕಾರಿಗೆ ಮುಂದೆ ಮೊಣಕಾಲೆತ್ತರದ ಏನೋ ಕಾಣುತ್ತೆ, ಅಡ್ಡಿ ಅಂದುಕೊಂಡು ನಿಲ್ಲುತ್ತೆ. ಪಕ್ಕದಲ್ಲಿ ಮೊರ ಹಿಡಿದ ಅಜ್ಜಿ ‘ಬಾರಪ್ಪ, ಮೇಲೇ ಬಾ’ ಅಂತ ಕೈ ಬೀಸ್ತಾ ಇರ್ತಾಳೆ.