ರಾತ್ರಿ ಸೈಕಲ್ ಸವಾರಿಗೆ 800 ಲುಮೆನ್ ಸಾಕೇ, 2000 ಬೇಕೇ?

ಬೀದಿದೀಪವಿಲ್ಲದ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗಲು ಎಷ್ಟು ಲುಮೆನ್‌ನ (ಲುಮೆನ್ ಎಂದರೆ ಬೆಳಕಿನ ಅಳತೆ) ದೀಪ ಕೊಳ್ಳಬೇಕು ಎಂದು ಕೇಳಿದ್ದೀರಿ. 800 ಧಾರಾಳವಾಗಿ ಸಾಕು. ಆದರೆ ಅದು ನಿಜವಾದ 800 ಆಗಿರಬೇಕು, ರಸ್ತೆಯ ಮೇಲೆಯೇ ಬೀಳಬೇಕು.

ನಾನು ಮೊದಲು ಕೊಂಡದ್ದು ಡಬ್ಬಿಯ ಮೇಲೆ 2000 ಎಂದು ಬರೆದಿದ್ದ ದೀಪ. ಗುಂಡನೆಯ ಬೆಳಕು. ಮುಂಚಕ್ರದಿಂದ ಮೂರು ಮೀಟರ್ ಆಚೆ ನೆಲದ ಮೇಲೆ ಹಾಲು ಚೆಲ್ಲಿದಂತೆ ಬೆಳಗುತ್ತಿತ್ತು, ಉಳಿದದ್ದೆಲ್ಲ ಮರದ ಕೊಂಬೆಗಳ ಪಾಲು. ಹತ್ತಿರದ ಆ ಪ್ರಖರತೆಗೆ ಕಣ್ಣಿನ ಪಾಪೆ ಕಿರಿದಾಗಿ, ಅದರಾಚೆಯ ರಸ್ತೆ ಇನ್ನಷ್ಟು ಕಪ್ಪಾಗಿ ಕಾಣುತ್ತಿತ್ತು. ಒಂದು ಇಳಿಜಾರಿನಲ್ಲಿ ಗುಂಡಿ ಇದೆಯೆಂದು ತಿಳಿದದ್ದು ಚಕ್ರ ಅದರೊಳಗೆ ಇಳಿದ ಮೇಲೆಯೇ. ರಿಮ್ ಸೊಟ್ಟಗಾಯಿತು, ಮೊಣಕೈ ತರಚಿತು.

ನಿಮ್ಮ ವೇಗದಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 7 ಮೀಟರ್ ಓಡುತ್ತದೆ. ಗುಂಡಿ ಕಂಡು ಬೆರಳು ಬ್ರೇಕ್ ಹಿಡಿಯುವಷ್ಟರಲ್ಲಿ 10 ಮೀಟರ್ ಹೋಗಿರುತ್ತದೆ, ನಿಲ್ಲಲು ಇನ್ನೂ ಐದಾರು ಬೇಕು, ನೆಲ ಒದ್ದೆಯಾಗಿದ್ದರೆ ಮತ್ತೂ ಹೆಚ್ಚು. ಆದ್ದರಿಂದ 25-30 ಮೀಟರ್ ದೂರದಲ್ಲಿ ಬೆಳಕು ಬೀಳಬೇಕು. ಲುಮೆನ್ ಎನ್ನುವುದು ದೀಪದಿಂದ ಹೊರಡುವ ಒಟ್ಟು ಬೆಳಕಿನ ಲೆಕ್ಕ ಮಾತ್ರ. ಅದರಲ್ಲಿ ಒಂದು ಜಾಗದ ಮೇಲೆ ಎಷ್ಟು ಬಿತ್ತು ಎಂಬುದನ್ನು ಹೇಳುವುದು ಲಕ್ಸ್. ಮೇಲಂಚು ಕತ್ತರಿಸಿದಂತೆ ಸಮತಟ್ಟಾಗಿರುವ ಬೆಳಕಿನ ದೀಪಗಳು ಸಿಗುತ್ತವೆ. ಜರ್ಮನಿಯ ರಸ್ತೆ ನಿಯಮಕ್ಕೆ ಒಪ್ಪುವಂಥವು ಹಾಗಿರುತ್ತವೆ, ಎದುರಿನವರ ಕಣ್ಣನ್ನೂ ಕುಕ್ಕುವುದಿಲ್ಲ. ಡಾಂಬರು ರಸ್ತೆಗೆ ನನ್ನ ಆಯ್ಕೆ ಅದೇ. ಕಾಡುದಾರಿಗಾದರೆ ಬೇಡ, ತಲೆಯೆತ್ತರದ ಕೊಂಬೆ ಕಾಣುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಸುಳ್ಳು ಹಿಡಿಯುವುದು ಸುಲಭ. ಹೆಚ್ಚಿನ ದೀಪಗಳಲ್ಲಿರುವುದು 18650 ಸೆಲ್, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಒಳ್ಳೆಯದಾದರೆ 3500 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಸೆಲ್ ಹಿಡಿಯುವ ಚಾರ್ಜಿನ ಅಳತೆ), ಸುಮಾರು 12 ವ್ಯಾಟ್-ಗಂಟೆ. 9900 ಎಂಎಎಚ್ ಎಂದು ಬರೆದ 18650 ಕಂಡರೆ ಕೆಳಗಿಟ್ಟುಬಿಡಿ. 1000 ಲುಮೆನ್ ಬೆಳಗಲು 8-10 ವ್ಯಾಟ್ ಬೇಕು. ಹಾಗಿರುವಾಗ ಒಂದೇ ಸೆಲ್ಲಿನಲ್ಲಿ 2000 ಲುಮೆನ್ ಆರು ಗಂಟೆ ಉರಿಯುವುದು ಹೇಗೆ? ಹೆಸರಾಂತ ತಯಾರಕರೂ ಇಲ್ಲಿ ಸ್ವಲ್ಪ ಜಾಣರು: ಬೆಳಕು ಆರಂಭದ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯವನ್ನೆಲ್ಲ ಬಾಳಿಕೆಯೆಂದು ಎಣಿಸುವ ಅಳತೆಯೊಂದು ಟಾರ್ಚ್‌ಗಳಿಗೆ ಬಳಕೆಯಲ್ಲಿದೆ. ಕಾವೇರಿದಾಗ ಬೆಳಕು ತಾನಾಗಿ ತಗ್ಗುವುದೂ ಉಂಟು. ಹಾಗಾಗಿ ಗಂಟೆಗಳ ಸಂಖ್ಯೆಗಿಂತ, ಸಮಯ ಕಳೆದಂತೆ ಬೆಳಕು ಹೇಗೆ ಇಳಿಯಿತೆಂದು ತೋರಿಸುವ ಗ್ರಾಫ್ ಹುಡುಕಿ. ನಿಮ್ಮ ಸವಾರಿ ಎರಡು ಗಂಟೆಯದಾದರೆ 400-500 ಲುಮೆನ್‌ನಲ್ಲಿ ಮೂರು ಗಂಟೆ ಸ್ಥಿರವಾಗಿ ಉರಿಯುವಂಥದ್ದನ್ನು ಕೊಳ್ಳಿ, ಪೂರ್ಣ ಪ್ರಖರತೆಯನ್ನು ಇಳಿಜಾರಿಗೆ ಮೀಸಲಿಡಿ.

ಮಳೆಗೆ ಐಪಿಎಕ್ಸ್4, ಅಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುವ ದರ್ಜೆ, ಸಾಕು. ಚಾರ್ಜ್ ಮುಗಿಯುತ್ತಿರುವಾಗ ಒಮ್ಮೆಲೇ ಆರದೆ ಮಂದವಾಗಿ ಉರಿಯುವ ವ್ಯವಸ್ಥೆ ಇರಲೇಬೇಕು.

ದೀಪವನ್ನು ಹೆಲ್ಮೆಟ್ ಮೇಲಲ್ಲ, ಹ್ಯಾಂಡಲ್ ಮೇಲೆ ಕಟ್ಟಿ. ಕಣ್ಣಿನ ಮಟ್ಟದಿಂದಲೇ ಬೆಳಕು ಹೊರಟರೆ ಗುಂಡಿಯ ನೆರಳು ಅಳಿಸಿಹೋಗಿ ರಸ್ತೆ ಚಪ್ಪಟೆಯಾಗಿ ಕಾಣುತ್ತದೆ, ಮಂಜಿನಲ್ಲಂತೂ ಮುಖದ ಮುಂದೆ ಬಿಳಿ ಪರದೆ ಎಳೆದಂತಾಗುತ್ತದೆ. ದೀಪ ಕೈಗೆ ಬಂದ ಮೊದಲ ರಾತ್ರಿ ಸೈಕಲನ್ನು ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ ಹಚ್ಚಿ ನೋಡಿ. ಅತಿ ಪ್ರಖರವಾದ ಭಾಗ ಗೋಡೆಯ ಮೇಲೆ ದೀಪದ ಎತ್ತರಕ್ಕಿಂತ ಒಂದು ಗೇಣು ಕೆಳಗಿದ್ದರೆ, ರಸ್ತೆಯಲ್ಲಿ ಅದು ಸುಮಾರು 25 ಮೀಟರ್ ಆಚೆ ಬೀಳುತ್ತದೆ.